ಚರ್ಮದ ಕೈಕೆಲಸ: ಹೊಸದಾಗಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡುವಿನ ಹೊತ್ತಿನಲ್ಲಿ ನಾನು ಚರ್ಮದ ಕೆಲಸ ಮಾಡುತ್ತೇನೆ. ಪರ್ಸು, ಬೆಲ್ಟು, ಕೀಚೈನು, ಡೈರಿಗೆ ಹೊದಿಕೆ, ಇಷ್ಟೇ. ನನ್ನ ಪರ್ಸು ನೋಡಿದವರು "ಇದನ್ನ ನೀವೇ ಹೊಲಿದಿರಾ?" ಅಂತ ಶುರು ಮಾಡುತ್ತಾರೆ. ಆಮೇಲೆ ಚರ್ಮ ಎಲ್ಲಿ ಸಿಗುತ್ತದೆ, ಸೂಜಿ ಯಾವುದು, ಮಳೆಗಾಲದಲ್ಲಿ ಏನು ಮಾಡುತ್ತೀರಿ ಅಂತ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ. ಎಲ್ಲದಕ್ಕೂ ಉತ್ತರ ಒಂದೇ ಕಡೆ ಇರಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಚರ್ಮಕ್ಕೆ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ. ಕೆಳಗಿನ ಸಲಹೆಗಳಲ್ಲಿ ಅರ್ಧ ಈ ಕಾರಣಕ್ಕೇ ಹುಟ್ಟಿದವು.

ಯಾವ ಚರ್ಮದಿಂದ ಶುರು ಮಾಡಬೇಕು?

ವೆಜ್ ಟ್ಯಾನ್. ಅಂದರೆ ಗಿಡಮರಗಳ ಚಕ್ಕೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ. ನಮ್ಮ ಕಡೆ ಹಿಂದಿನಿಂದಲೂ ಕರಿಜಾಲಿ ಚಕ್ಕೆ, ತಂಗಡಿ ಚಕ್ಕೆ, ಅಳಲೆಕಾಯಿ ಬಳಸಿಯೇ ಹದ ಮಾಡುತ್ತಿದ್ದರು. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೋಡಿದ್ದೀರಲ್ವಾ, ಅದರ ಚರ್ಮ ಈ ಜಾತಿಯದ್ದೇ. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ (ಭೌಗೋಳಿಕ ಗುರುತಿನಲ್ಲಿ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ.

ಇನ್ನೊಂದು ಜಾತಿ ಕ್ರೋಮ್ ಟ್ಯಾನ್. ಕ್ರೋಮಿಯಂ ಲವಣದಿಂದ ಬೇಗ ಹದ ಮಾಡಿದ್ದು. ಮೆತ್ತಗೆ, ಬಣ್ಣಬಣ್ಣವಾಗಿ ಇರುತ್ತದೆ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಅಂಗಡಿಯ ಬ್ಯಾಗು, ಶೂಗಳಲ್ಲಿ ಬಹುಪಾಲು ಇದೇ. ಇದು ಕೆಟ್ಟದ್ದೇನಲ್ಲ, ಆದರೆ ಕಲಿಯುವವರಿಗೆ ಕಷ್ಟ. ಅಂಚು ಉಜ್ಜಿದರೆ ಹೊಳೆಯುವುದಿಲ್ಲ, ಒತ್ತಿದ ಅಚ್ಚು ನಿಲ್ಲುವುದಿಲ್ಲ, ಕತ್ತರಿಸುವಾಗ ಎಳೆದ ಕಡೆ ಹಿಗ್ಗುತ್ತದೆ. ವೆಜ್ ಟ್ಯಾನ್ ಗಟ್ಟಿಯಾಗಿ ಕೂರುತ್ತದೆ, ನೀವು ಹೇಳಿದ ಹಾಗೆ ಕೇಳುತ್ತದೆ.

ನನ್ನ ಹತ್ತಿರ ಇರುವ ತುಂಡು ಯಾವ ಹದದ್ದು ಅಂತ ಗೊತ್ತಾಗುವುದು ಹೇಗೆ?

ಕತ್ತರಿಸಿದ ಅಂಚು ನೋಡಿ. ಒಳಗೆಲ್ಲ ಕಂದು ಬಣ್ಣ ಇದ್ದರೆ ವೆಜ್ ಟ್ಯಾನ್ ಇರಬಹುದು. ನಡುವೆ ನೀಲಿ ಅಥವಾ ಬೂದಿ ಛಾಯೆ ಕಂಡರೆ ಕ್ರೋಮ್. ಆಮೇಲೆ ಬಣ್ಣ ಹಾಕದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ವೆಜ್ ಟ್ಯಾನ್ ಆದರೆ ಹನಿಯನ್ನು ಬೇಗ ಹೀರಿಕೊಂಡು ಆ ಜಾಗ ಕಪ್ಪಾಗುತ್ತದೆ. ಸುಟ್ಟು ನೋಡುವುದು ಬೇಡ. ಕ್ರೋಮ್ ಚರ್ಮ ಸುಟ್ಟರೆ ವಿಷಕಾರಿ ಕ್ರೋಮಿಯಂ ಹುಟ್ಟುವ ಸಾಧ್ಯತೆ ಇದೆ, ಹಾಗಾಗಿ ಚೂರುಪಾರುಗಳನ್ನು ಒಲೆಗೂ ಹಾಕಬೇಡಿ.

"ಜೆನ್ಯೂಯಿನ್ ಲೆದರ್" ಅಂತ ಮುದ್ರೆ ಇದ್ದರೆ ಸಾಕಲ್ವಾ?

ಸಾಲದು. ಅದು ಚರ್ಮ ಅನ್ನುವುದನ್ನಷ್ಟೇ ಹೇಳುತ್ತದೆ, ಎಂಥ ಚರ್ಮ ಅಂತ ಹೇಳುವುದಿಲ್ಲ. ತೊಗಲಿನ ಮೇಲ್ಪದರ ಹಾಗೇ ಉಳಿದಿದ್ದರೆ ಫುಲ್ ಗ್ರೇನ್, ಅದೇ ಎಲ್ಲಕ್ಕಿಂತ ಗಟ್ಟಿ. ಮೇಲ್ಪದರ ಸೀಳಿ ತೆಗೆದ ಮೇಲೆ ಕೆಳಗೆ ಉಳಿಯುವುದು ಸ್ಪ್ಲಿಟ್. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು ಬಾಂಡೆಡ್ ಲೆದರ್, ಅದು ಒಂದೆರಡು ವರ್ಷದಲ್ಲಿ ಪದರಪದರವಾಗಿ ಉದುರುತ್ತದೆ. ಕೊಳ್ಳುವಾಗ ಫುಲ್ ಗ್ರೇನ್ ವೆಜ್ ಟ್ಯಾನ್ ಅಂತಲೇ ಕೇಳಿ. ಮೇಲ್ಮೈಯಲ್ಲಿ ಸೊಳ್ಳೆ ಕಚ್ಚಿದ ಕಲೆ, ಮುಳ್ಳು ಗೀರಿದ ಗುರುತು ಇದ್ದರೆ ಬೇಸರ ಮಾಡಿಕೊಳ್ಳಬೇಡಿ, ಅದು ಅಸಲಿ ಮೇಲ್ಪದರ ಅನ್ನುವುದಕ್ಕೆ ಸಾಕ್ಷಿ.

ಚರ್ಮ ಎಲ್ಲಿ ಸಿಗುತ್ತದೆ? ಎಷ್ಟು ಕೊಳ್ಳಲಿ?

ಊರಿನಲ್ಲಿ ಚಪ್ಪಲಿ ಸಾಮಾನು ಮಾರುವ ಅಂಗಡಿ ಇದ್ದರೆ ಅಲ್ಲಿಂದ ಶುರು ಮಾಡಿ. ಚೆನ್ನೈಗೆ ಹೋಗುವುದಿದ್ದರೆ ಪೆರಿಯಮೆಟ್ ಕಡೆ ಒಂದು ಸುತ್ತು ಹಾಕಿ, ಸೆಂಟ್ರಲ್ ಸ್ಟೇಷನ್‌ಗೆ ಹತ್ತಿರ, ಅಲ್ಲಿ ಚರ್ಮದ ಅಂಗಡಿಗಳು ಸಾಲಾಗಿವೆ. ಆನ್‌ಲೈನ್‌ನಲ್ಲೂ ಕತ್ತರಿಸಿದ ಹಾಳೆ ಸಿಗುತ್ತದೆ.

ಇಡೀ ಚರ್ಮ ಕೊಳ್ಳಬೇಡಿ. ಇದನ್ನು ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಎಮ್ಮೆಯದಾದರೆ ಅರ್ಧ ಚರ್ಮವೇ 20 ಚದರ ಅಡಿಯ ಆಸುಪಾಸು ಬರುತ್ತದೆ, ಅಷ್ಟು ತಂದು ಸುತ್ತಿಟ್ಟರೆ ಮನೆಯಲ್ಲಿ ಜಾಗವೂ ಇರುವುದಿಲ್ಲ, ಕತ್ತರಿಸಲು ಧೈರ್ಯವೂ ಬರುವುದಿಲ್ಲ. ಎರಡು ಚದರ ಅಡಿ ಸಾಕು. ಅಂಗಡಿಯಲ್ಲಿ ಚೂರುಗಳ ಚೀಲ ಇದ್ದರೆ ಅದನ್ನೂ ಕೇಳಿ, ತೂಕದ ಲೆಕ್ಕದಲ್ಲಿ ಕೊಡುವವರಿದ್ದಾರೆ.

ಚರ್ಮದ ಯಾವ ಭಾಗ ಅಂತಲೂ ನೋಡಬೇಕು. ಬೆನ್ನಿನ ಭಾಗ ಬಿಗಿ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ಕತ್ತಿನ ಕಡೆ ಸುಕ್ಕು ಇರುತ್ತದೆ. ಇದು ಗೊತ್ತಿಲ್ಲದೆ ನನ್ನ ಮೊದಲ ಬೆಲ್ಟನ್ನು ಹೊಟ್ಟೆ ಭಾಗದಲ್ಲಿ ಕತ್ತರಿಸಿದ್ದೆ. ಆರು ತಿಂಗಳಲ್ಲಿ ಅದು ಎರಡು ತೂತಿನಷ್ಟು ಉದ್ದವಾಗಿ, ಬಾಳೆಹಣ್ಣಿನ ಹಾಗೆ ಬಾಗಿತು.

ಎಷ್ಟು ದಪ್ಪದ್ದು ಬೇಕು?

ಪರ್ಸಿಗೆ 1ರಿಂದ 1.2 ಮಿ.ಮೀ. ಬ್ಯಾಗಿಗೆ 2ರಿಂದ 2.5. ಬೆಲ್ಟಿಗೆ 3ರಿಂದ 3.5. ಹೊರದೇಶದ ವಿಡಿಯೋಗಳಲ್ಲಿ ಔನ್ಸ್ ಅನ್ನುತ್ತಾರೆ, ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ಪರ್ಸಿನಲ್ಲಿ ಒಂದರ ಮೇಲೊಂದು ನಾಲ್ಕು ಪದರ ಬರುತ್ತದೆ ಅನ್ನುವುದನ್ನು ಮರೆತು 2 ಮಿ.ಮೀ. ಚರ್ಮ ತಂದರೆ ಜೇಬಿನಲ್ಲಿ ಇಟ್ಟಿಗೆ ಇಟ್ಟ ಹಾಗೆ ಆಗುತ್ತದೆ.

ಯಾವ ಯಾವ ಉಪಕರಣ ಬೇಕೇ ಬೇಕು?

ನೂರಾರು ಸಾಮಾನಿನ ಕಿಟ್ ಬೇಡ. ನನ್ನ ಪಟ್ಟಿ ಇಷ್ಟು: ಚೂಪಾದ ಕಟರ್, ಸ್ಟೀಲ್ ಸ್ಕೇಲ್, ಕಟಿಂಗ್ ಮ್ಯಾಟ್, 4 ಮಿ.ಮೀ. ಅಂತರದ ಪ್ರಿಕಿಂಗ್ ಐರನ್ (ಸಾಲಾಗಿ ತೂತು ಹಾಕುವ ಹಲ್ಲಿನ ಉಳಿ), ಒಂದು ಆರಿ (ಚರ್ಮಕ್ಕೆ ತೂತು ಚುಚ್ಚುವ, ಹಿಡಿ ಇರುವ ಮೊನೆ), ತುದಿ ಮೊಂಡಾದ ಎರಡು ಸೂಜಿ, ಮೇಣ ಸವರಿದ ಪಾಲಿಯೆಸ್ಟರ್ ದಾರ, ಮರದ ಕೊಡತಿ, ಮರಳುಕಾಗದ, ಒಂದು ಉಂಡೆ ಜೇನುಮೇಣ. ಅಂಟಿಗೆ ಚಪ್ಪಲಿ ಅಂಗಡಿಯ ರಬ್ಬರ್ ಸಲ್ಯೂಷನ್ ಅಥವಾ ಫೆವಿಕಾಲ್ ಎಸ್ಆರ್ ಸಾಕು. ಹೊಲಿಗೆಯ ಗೆರೆ ಎಳೆಯಲು ಮಕ್ಕಳ ಜಾಮಿಟ್ರಿ ಬಾಕ್ಸಿನ ಡಿವೈಡರ್ ಬಳಸಿ. ಒಂದು ಕಾಲನ್ನು ಅಂಚಿಗೆ ತಾಗಿಸಿ ಇನ್ನೊಂದನ್ನು ಚರ್ಮದ ಮೇಲೆ ಎಳೆದರೆ ಅಂಚಿನುದ್ದಕ್ಕೂ ಸಮಾನ ದೂರದ ಗೆರೆ ಬರುತ್ತದೆ.

ಕಬ್ಬಿಣದ ಸುತ್ತಿಗೆಯಿಂದ ಪ್ರಿಕಿಂಗ್ ಐರನ್‌ಗೆ ಹೊಡೆಯಬೇಡಿ, ಅದರ ತಲೆ ಹಾಳಾಗುತ್ತದೆ. ಕೆಳಗೆ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ಚೂರು ಇಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಲಗೆ ಇಡಿ. ಗ್ರಾನೈಟಿನ ಅಡಿಗೆ ಹಳೇ ರಬ್ಬರ್ ಮ್ಯಾಟ್ ಹಾಕಿದರೆ ಕೆಳಗಿನ ಮನೆಯವರಿಗೆ ಸದ್ದು ಕಡಿಮೆಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಮುಖ್ಯ.

ಬ್ಲೇಡ್ ಮಾತ್ರ ಸದಾ ಹರಿತ ಇರಲಿ. ಮೊಂಡು ಬ್ಲೇಡಿಗೆ ಜಾಸ್ತಿ ಒತ್ತಬೇಕು, ಜಾಸ್ತಿ ಒತ್ತಿದಾಗಲೇ ಅದು ಜಾರಿ ಬೆರಳಿಗೆ ಬರುವುದು. ಸ್ಕೇಲು ಹಿಡಿದ ಕೈ ಬ್ಲೇಡಿನ ದಾರಿಯಲ್ಲಿ ಎಂದೂ ಬರಬಾರದು. ದಪ್ಪ ಚರ್ಮವನ್ನು ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ, ಹಗುರವಾಗಿ ಮೂರು ಸಲ ಎಳೆಯಿರಿ.

ಮೊದಲು ಏನು ಮಾಡಲಿ?

ಕಾರ್ಡ್ ಹೋಲ್ಡರ್. ಎಟಿಎಂ ಕಾರ್ಡಿನ ಅಳತೆ ಎಲ್ಲೆಡೆ ಒಂದೇ: 85.6 × 54 ಮಿ.ಮೀ. ಎರಡೂ ಬದಿಗೆ ಹೊಲಿಗೆಗೆ 3ರಿಂದ 4 ಮಿ.ಮೀ., ಕಾರ್ಡು ಓಡಾಡಲು ಒಂದಿಷ್ಟು ಸಡಿಲ, ಒಟ್ಟು 98ರಿಂದ 100 ಮಿ.ಮೀ. ಅಗಲ ಇಟ್ಟರೆ ಸರಿಹೋಗುತ್ತದೆ. ಮೊದಲು ದಪ್ಪ ಕಾಗದದಲ್ಲಿ ಕತ್ತರಿಸಿ. ಮದುವೆ ಕಾರ್ಡು ಇದಕ್ಕೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಟೇಪು ಅಂಟಿಸಿ, ನಿಜವಾದ ಕಾರ್ಡು ಹಾಕಿ, ತೆಗೆದು ನೋಡಿ. ಸರಿ ಅನ್ನಿಸಿದ ಮೇಲೆ ಚರ್ಮದ ಮೇಲಿಟ್ಟು ಆರಿಯ ತುದಿಯಿಂದ ಗುರುತು ಮಾಡಿ. ಪೆನ್ನು ಬೇಡ, ಶಾಯಿ ಹೋಗುವುದಿಲ್ಲ.

ಎರಡನೇ ಕೆಲಸ ಮಡಚುವ ಪರ್ಸು ಆಗಿದ್ದರೆ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಸಿಗುವ ಮಾದರಿಗಳು ಹೆಚ್ಚಾಗಿ ಡಾಲರ್ ನೋಟಿನ ಅಳತೆಗೆ ಮಾಡಿದವು. ಡಾಲರ್ ಸುಮಾರು 156 × 66 ಮಿ.ಮೀ. ನಮ್ಮ ಈಗಿನ 500ರ ನೋಟು 150 × 66, ಹೊಸ 100ರ ನೋಟು 142 × 66, ಇವು ಆರಾಮಾಗಿ ಕೂರುತ್ತವೆ. ಆದರೆ ಹಳೆಯ ನೀಲಿ ಛಾಯೆಯ 100ರ ನೋಟು 157 × 73 ಮಿ.ಮೀ. ಅದು ಇನ್ನೂ ಚಲಾವಣೆಯಲ್ಲಿದೆ. ಆ ನೋಟು ಮೇಲಕ್ಕೆ ಇಣುಕಿ ಅಂಚು ಹರಿದುಕೊಳ್ಳಬಾರದು ಅಂದರೆ ಒಳಗಿನ ಜಾಗ ಎತ್ತರದಲ್ಲಿ 78, ಉದ್ದದಲ್ಲಿ 165 ಮಿ.ಮೀ. ಆದರೂ ಇಡಿ. ನಾನು ತಮ್ಮನಿಗೆ ಮಾಡಿಕೊಟ್ಟ ಮೊದಲ ಪರ್ಸಿನಲ್ಲಿ ಈ ಲೆಕ್ಕ ತಪ್ಪಿತ್ತು, ಅವನು ಪಾಪ ನೂರರ ನೋಟುಗಳನ್ನು ಮಡಚಿ ಇಟ್ಟುಕೊಳ್ಳುತ್ತಿದ್ದ.

ಹೊಲಿಗೆ ಯಂತ್ರದಲ್ಲಿ ಹೊಲಿಯಬಹುದಾ?

ಮನೆಯ ಬಟ್ಟೆ ಹೊಲಿಯುವ ಯಂತ್ರಕ್ಕೆ ದಪ್ಪ ಚರ್ಮ ಹಾಕಬೇಡಿ, ಯಂತ್ರ ಕೆಡುತ್ತದೆ. ಕೈಹೊಲಿಗೆಯೇ ಗಟ್ಟಿ, ಅದಕ್ಕೆ ಕಾರಣವೂ ಇದೆ. ಯಂತ್ರದಲ್ಲಿ ಮೇಲಿನ ದಾರ ಮೇಲೇ, ಕೆಳಗಿನ ದಾರ ಕೆಳಗೇ ಓಡುತ್ತವೆ, ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ, ಒಂದು ಕಡೆ ಹರಿದರೆ ಪಕ್ಕದ ಹೊಲಿಗೆಗಳೂ ಸಡಿಲವಾಗುತ್ತಾ ಹೋಗುತ್ತವೆ. ಎರಡು ಸೂಜಿಯ ಸ್ಯಾಡಲ್ ಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ದಾರ ಎರಡು ಸಲ ಹಾಯುತ್ತದೆ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ.

ಮಾಡುವುದು ಹೀಗೆ. ಹೊಲಿಗೆಯ ಉದ್ದಕ್ಕಿಂತ ನಾಲ್ಕು ಪಟ್ಟು ದಾರ ಕತ್ತರಿಸಿ. ಎರಡು ತುದಿಗೂ ಒಂದೊಂದು ಸೂಜಿ ಪೋಣಿಸಿ. ಮೊದಲ ತೂತಿನಲ್ಲಿ ದಾರ ಹಾಕಿ ಎರಡೂ ಕಡೆ ಸಮ ಮಾಡಿ. ಮುಂದಿನ ತೂತಿಗೆ ಮೊದಲು ಎಡಗಡೆಯ ಸೂಜಿ, ಅದು ಆಚೆ ಬಂದ ಮೇಲೆ ಬಲಗಡೆಯ ಸೂಜಿ, ಅದೇ ತೂತಿನಲ್ಲಿ. ಎರಡನೇ ಸೂಜಿ ಹಾಕುವಾಗ ಮೊದಲ ದಾರವನ್ನು ಸ್ವಲ್ಪ ಹಿಂದಕ್ಕೆ ಎಳೆದು ಹಿಡಿಯಿರಿ, ಇಲ್ಲದಿದ್ದರೆ ಸೂಜಿ ಆ ದಾರವನ್ನೇ ಚುಚ್ಚಿಬಿಡುತ್ತದೆ. ಎರಡನ್ನೂ ಒಂದೇ ಬಿಗಿಯಲ್ಲಿ ಎಳೆಯಿರಿ. ಚರ್ಮದ ಮೇಲೆ ದಾರ ಮೆಲ್ಲಗೆ ಕೂತರೆ ಸಾಕು, ಕೊರೆಯುವಷ್ಟು ಬೇಡ. ಕೊನೆಗೆ ಎರಡು ಮೂರು ತೂತು ಹಿಂದಕ್ಕೆ ಹೊಲಿದು, ದಾರ ಕತ್ತರಿಸಿ, ತುದಿಯನ್ನು ಲೈಟರಿನಿಂದ ಕರಗಿಸಿ ಒತ್ತಿ. ಕರಗುವುದು ಪಾಲಿಯೆಸ್ಟರ್ ಮಾತ್ರ, ಲಿನನ್ ದಾರಕ್ಕೆ ಒಂದು ಚುಕ್ಕೆ ಅಂಟು ಹಾಕಬೇಕು.

ತುಂಡನ್ನು ಹಿಡಿದುಕೊಳ್ಳಲು ಎರಡು ಮರದ ಪಟ್ಟಿಗಳ ನಡುವೆ ಇಟ್ಟು ಮಂಡಿಯಲ್ಲಿ ಒತ್ತಿಕೊಂಡು ಕೂತರೆ ಎರಡೂ ಕೈ ಬಿಡುವಾಗುತ್ತವೆ.

ನನ್ನ ಹೊಲಿಗೆ ಒಂದೊಂದು ಕಡೆ ಒಂದೊಂದು ಥರ ಬರುತ್ತದೆ. ಯಾಕೆ?

ಕ್ರಮ ಬದಲಾಗಿದೆ. ಮೊದಲು ಎಡ ಸೂಜಿ ಅಂದರೆ ಕೊನೆಯವರೆಗೂ ಎಡವೇ. ದಾರವನ್ನು ಹಿಂದಕ್ಕೆ ಎಳೆದಿರಾದರೆ ಪ್ರತಿ ಸಲವೂ ಹಿಂದಕ್ಕೇ. ನಡುವೆ ಫೋನು ಬಂದು ಎದ್ದು ಹೋಗಿ ಬಂದಾಗಲೇ ಇದು ತಪ್ಪುವುದು. ತೂತುಗಳೇ ವಕ್ರ ಇದ್ದರೆ ಐರನ್ ನೆಟ್ಟಗೆ ನಿಂತಿರಲಿಲ್ಲ ಅಂತ ಅರ್ಥ. ಪ್ರತಿ ಸಲ ಅದರ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲಿ ಇಟ್ಟು ಹೊಡೆದರೆ ಅಂತರ ತಪ್ಪುವುದಿಲ್ಲ.

ಅಂಗಡಿಯ ವಸ್ತುವಿನ ಹಾಗೆ ಅಂಚು ನುಣುಪಾಗಿ ಹೊಳೆಯುವುದು ಹೇಗೆ?

ತಾಳ್ಮೆ ಬೇಕು, ಹಣ ಬೇಕಿಲ್ಲ. ಪದರಗಳನ್ನು ಅಂಟಿಸಿ ಹೊಲಿದ ಮೇಲೆ 220 ನಂಬರಿನ ಮರಳುಕಾಗದದಲ್ಲಿ ಅಂಚನ್ನು ಸಮ ಮಾಡಿ. ಆಮೇಲೆ 400, ಆಮೇಲೆ 600. ಮೂಲೆಗಳನ್ನು ಸ್ವಲ್ಪ ಗುಂಡಗೆ ಮಾಡಿ. ಬೆರಳಿನಿಂದ ಒಂದಿಷ್ಟು ನೀರು ಸವರಿ, ನುಣುಪಾದ ಮರದ ತುಂಡಿನಿಂದ ಬೇಗಬೇಗ ಉಜ್ಜಿ. ನಾನು ಬಳಸುವುದು ಹಳೇ ಲಟ್ಟಣಿಗೆಯ ಹಿಡಿ. ಉಜ್ಜುತ್ತಾ ಹೋದ ಹಾಗೆ ಬಿಸಿಯಾಗಿ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊದಲು ಒರಟು, ಆಮೇಲೆ ಮಂಕು, ಆಮೇಲೆ ಇದ್ದಕ್ಕಿದ್ದ ಹಾಗೆ ಬೆಲ್ಲದ ಪಾಕದ ಥರ ಹೊಳಪು ಬರುತ್ತದೆ. ಆ ಗಳಿಗೆ ನನಗೆ ಇಡೀ ಕೆಲಸದಲ್ಲೇ ಹೆಚ್ಚು ಇಷ್ಟ. ಕೊನೆಗೆ ಜೇನುಮೇಣ ಉಜ್ಜಿ ಬಟ್ಟೆಯಲ್ಲಿ ತಿಕ್ಕಿ. ಕ್ರೋಮ್ ಚರ್ಮಕ್ಕೆ ಇದು ನಡೆಯುವುದಿಲ್ಲ, ಅದಕ್ಕೆ ಅಂಚಿನ ಪೇಂಟು ಹಚ್ಚಬೇಕು.

ಅಂಟಿನ ವಿಚಾರವೂ ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಮೈಗೆ ತೆಳ್ಳಗೆ ಹಚ್ಚಿ, 10ರಿಂದ 15 ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸಿ ಒತ್ತಿ. ಹಸಿ ಇರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಕಪ್ಪು ಬಣ್ಣ ಮನೆಯಲ್ಲೇ ಮಾಡಿಕೊಳ್ಳಬಹುದಾ?

ಖಂಡಿತ. ತುಕ್ಕು ಹಿಡಿಯುವ ಕಬ್ಬಿಣದ ಮೊಳೆ ಅಥವಾ ಸ್ಟೀಲ್ ವುಲ್ ಅನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಹಾಕಿ. ಮುಚ್ಚಳ ಬಿಗಿ ಹಾಕಬೇಡಿ, ಅನಿಲ ಹುಟ್ಟುತ್ತದೆ. ಸೋಸಿ, ವೆಜ್ ಟ್ಯಾನ್ ಚರ್ಮದ ಮೇಲೆ ಸವರಿ ನೋಡಿ. ಕಣ್ಣೆದುರೇ ಬೂದಿ, ನೀಲಿ, ಆಮೇಲೆ ಕಪ್ಪು. ಕಬ್ಬಿಣವೂ ಚರ್ಮದೊಳಗಿನ ಒಗರೂ ಕೂಡಿ ಹುಟ್ಟುವ ಬಣ್ಣ ಇದು, ಮೇಲೆ ಬಳಿದದ್ದಲ್ಲ, ಹಾಗಾಗಿ ಕೈಗೆ ಅಂಟುವುದಿಲ್ಲ. ಕಲಂಕಾರಿಯವರು ಅಳಲೆಕಾಯಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಕಬ್ಬಿಣ, ಬೆಲ್ಲ ಕೊಳೆಸಿದ ನೀರಿನಲ್ಲಿ ಕಪ್ಪು ಗೆರೆ ಎಳೆಯುತ್ತಾರಲ್ಲ, ಅದೂ ಇದೇ ಗುಟ್ಟು. ಬಣ್ಣ ಬಂದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒರೆಸಿ ಹುಳಿ ತೆಗೆಯಿರಿ, ಒಣಗಿಸಿ, ಎಣ್ಣೆ ಹಚ್ಚಿ.

ಇದರಿಂದಲೇ ಇನ್ನೊಂದು ತಿಳಿಯುತ್ತದೆ. ಒದ್ದೆ ಚರ್ಮದ ಮೇಲೆ ಕಬ್ಬಿಣದ ಉಪಕರಣ ಮರೆತು ಇಟ್ಟರೆ ಬೆಳಗಾಗುವಷ್ಟರಲ್ಲಿ ಕಪ್ಪು ಕಲೆ. ಆ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಬೇರೆ ಬಣ್ಣಗಳಿಗೆ ಚರ್ಮಕ್ಕೆಂದೇ ಇರುವ ಡೈ ಕೊಳ್ಳಿ. ದಪ್ಪಗೆ ಒಮ್ಮೆ ಬೇಡ, ತೆಳ್ಳಗೆ ಮೂರು ಸಲ. ಮೊದಲು ಚೂರಿನ ಮೇಲೆ.

ಹೂವು, ಹೆಸರು ಒತ್ತುವುದು ಹೇಗೆ?

ಸ್ಪಂಜಿನಿಂದ ಚರ್ಮ ಒದ್ದೆ ಮಾಡಿ ಕಾಯಿರಿ. ಮೇಲ್ಮೈ ಮೊದಲಿನ ಬಣ್ಣಕ್ಕೆ ತಿರುಗಲು ಶುರುವಾಗಿ, ಮುಟ್ಟಿದರೆ ಇನ್ನೂ ತಂಪಾಗಿರುವಾಗ ಅಚ್ಚು ಒತ್ತಿ. ಜಾಸ್ತಿ ಒದ್ದೆ ಇದ್ದರೆ ಗುರುತು ಮಸುಕಾಗುತ್ತದೆ, ಒಣಗಿದ್ದರೆ ಇಳಿಯುವುದೇ ಇಲ್ಲ.

ಬೆಲ್ಟಿನ ಅಳತೆ?

ಪ್ಯಾಂಟಿನ ಸೈಜು ನಂಬಬೇಡಿ. ಈಗ ಹಾಕುವ ಬೆಲ್ಟಿನಲ್ಲಿ ಬಕಲ್ ಮಡಿಕೆಯಿಂದ ನೀವು ಬಳಸುವ ತೂತಿನವರೆಗೆ ಅಳೆಯಿರಿ. ಅದೇ ಹೊಸ ಬೆಲ್ಟಿನ ನಡು ತೂತು. ಬಕಲ್ ಮಡಿಕೆಗೆ 7 ಸೆಂ.ಮೀ., ನಡು ತೂತಿನಿಂದ ಆಚೆಗೆ 15 ಸೆಂ.ಮೀ. ಸೇರಿಸಿ. 2.5 ಸೆಂ.ಮೀ.ಗೆ ಒಂದರಂತೆ ಐದು ತೂತು.

ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಏನು ಮಾಡಲಿ?

ಮಲೆನಾಡು, ಕರಾವಳಿಯವರ ಖಾಯಂ ಪ್ರಶ್ನೆ. ಒಣಬಟ್ಟೆಯಿಂದ ಮನೆಯ ಹೊರಗೆ ಒರೆಸಿ. ಆಮೇಲೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಹಿಂಡಿ ಮೆಲ್ಲಗೆ ಒರೆಸಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ, ಒಲೆಯ ಪಕ್ಕ ಬೇಡವೇ ಬೇಡ. ಒದ್ದೆಯಾದ ವೆಜ್ ಟ್ಯಾನ್ ಬಿಸಿ ತಾಗಿದರೆ ಕುಗ್ಗಿ ಹಪ್ಪಳದ ಹಾಗೆ ಸೆಟೆಯುತ್ತದೆ, ಮತ್ತೆ ಮೊದಲಿನ ಹಾಗಾಗುವುದಿಲ್ಲ. ಇಡುವಾಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ. ಹಳೇ ಹತ್ತಿಯ ಪಂಚೆಯಲ್ಲಿ ಸುತ್ತಿ, ಗಾಳಿಯಾಡುವ ಕಡೆ ಇಡಿ. ಎಲ್ಲಕ್ಕಿಂತ ಒಳ್ಳೆಯದು ದಿನವೂ ಬಳಸುವುದು. ಕೈಯಲ್ಲಿ ಓಡಾಡುವ ಪರ್ಸಿಗೆ ಬೂಷ್ಟು ಹಿಡಿದದ್ದನ್ನು ನಾನು ನೋಡಿಲ್ಲ.

ಕೊಬ್ಬರಿ ಎಣ್ಣೆ ಹಚ್ಚಬಹುದಾ?

ನಾನು ಹಚ್ಚುವುದಿಲ್ಲ. ಚಳಿಗೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದ ಮೇಲೆ ಕಮಟು ವಾಸನೆ ಬರುತ್ತದೆ. ಊರಲ್ಲಿ ಹಿರಿಯರು ಮೆಟ್ಟಿಗೆ ಹರಳೆಣ್ಣೆ ಹಚ್ಚುತ್ತಿದ್ದರು, ಚಪ್ಪಲಿಗೆ ಅದು ಸರಿ. ಪರ್ಸು, ಬೆಲ್ಟಿಗೆ ನೀಟ್ಸ್‌ಫುಟ್ ಎಣ್ಣೆ (ದನದ ಕಾಲೆಲುಬಿನಿಂದ ತೆಗೆದದ್ದು) ಅಥವಾ ಜೇನುಮೇಣ ಬೆರೆತ ಮುಲಾಮು ಒಳ್ಳೆಯದು. ಯಾವುದಾದರೂ ಸರಿ, ನಾಲ್ಕು ಹನಿ ಬಟ್ಟೆಗೆ ಹಾಕಿ ತೆಳ್ಳಗೆ ಒರೆಸಿ. ಎಣ್ಣೆ ಬಿದ್ದ ಮೇಲೆ ಬಣ್ಣ ಗಾಢವಾಗುತ್ತದೆ, ಜಾಸ್ತಿಯಾದರೆ ಚರ್ಮ ಜೋತು ಬೀಳುತ್ತದೆ.

ಹಸಿ ತೊಗಲು ತಂದು ಮನೆಯಲ್ಲೇ ಹದ ಮಾಡಲಾ?

ಬೇಡ. ಸುಣ್ಣದಲ್ಲಿ ನೆನೆಹಾಕಬೇಕು, ಕೂದಲು ಕೆರೆಯಬೇಕು, ವಾರಗಟ್ಟಲೆ ಚಕ್ಕೆಯ ನೀರು ಬದಲಿಸಬೇಕು. ವಾಸನೆ, ಕೊಳಕು ನೀರು ಎರಡನ್ನೂ ಸಂಭಾಳಿಸಲು ಮನೆಯಲ್ಲಿ ಆಗುವುದಿಲ್ಲ. ತೊಗಲುಗೊಂಬೆಯವರು ಮಾಡುವುದು ಬೇರೆ ಕೆಲಸ. ಅವರು ಆಡಿನ ತೊಗಲನ್ನು ಕೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಒಣಗಿಸುತ್ತಾರೆ, ಅದು ಪರ್ಸಿಗೆ ಬರುವುದಿಲ್ಲ.

ಯಾರ ಹತ್ತಿರ ಕಲಿಯಲಿ? ಮನೆಯಲ್ಲಿ "ನಮಗ್ಯಾಕೆ ಈ ಕೆಲಸ" ಅಂತಾರೆ.

ಈ ಮಾತು ನನ್ನ ಮನೆಯಲ್ಲೂ ಬಂದಿತ್ತು. ಚರ್ಮ ಮುಟ್ಟಿದವರನ್ನು ದೂರ ಇಟ್ಟು, ಅವರು ಮಾಡಿದ ಮೆಟ್ಟು ಮಾತ್ರ ಮೆಟ್ಟಿಕೊಂಡು ಓಡಾಡಿದ ಊರು ನಮ್ಮದು. ಅದು ತಪ್ಪು ಅಂತ ಮನೆಯವರಿಗೆ ನೇರವಾಗಿಯೇ ಹೇಳಿದೆ. ವಚನಕಾರ ಮಾದಾರ ಚೆನ್ನಯ್ಯ ತನ್ನ ಅಂಕಿತದೊಳಗೇ ಚರ್ಮದ ಕೆಲಸದ ಸಾಮಾನುಗಳಾದ ಕೈಯುಳಿ, ಕತ್ತಿ, ಅಡಿಗೂಂಟ ಸೇರಿಸಿದ್ದಾನೆ. ತನ್ನ ಉಪಕರಣಗಳನ್ನು ದೇವರ ಹೆಸರಿನ ಪಕ್ಕದಲ್ಲೇ ಇಟ್ಟವನು ಅವನು.

ಸರ್ಕಾರದ ಚರ್ಮ ಕೈಗಾರಿಕಾ ನಿಗಮ ಲಿಡ್ಕರ್ 1976ರಿಂದ ಇದೆ, ತರಬೇತಿಯ ಬಗ್ಗೆ ಅಲ್ಲಿ ವಿಚಾರಿಸಿ. ಅದಕ್ಕೂ ಮೊದಲು ನಿಮ್ಮ ಬೀದಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಕೂರಿ. ಅವರ ಹೊತ್ತಿಗೆ ದುಡ್ಡು ಕೊಡಿ, ಸುಮ್ನೆ ಕೇಳಿ ಎದ್ದು ಬರಬೇಡಿ. ಧಾರವಾಡದಲ್ಲಿ ನಾನು ಹಾಗೆ ಕೂತಿದ್ದೆ. ದಪ್ಪ ಅಟ್ಟೆಗೆ ಆರಿ ಇಳಿಯದೆ ಒದ್ದಾಡುತ್ತಿದ್ದೆ. "ಕಾಕಾ, ಇದು ಹೋಗವಲ್ದು" ಅಂದೆ. ಅವರು ನನ್ನ ಕೈಯಿಂದ ಆರಿ ತಗೊಂಡು, ಪಕ್ಕದ ಡಬ್ಬಿಯ ಮೇಣಕ್ಕೆ ಒಮ್ಮೆ ಚುಚ್ಚಿ ತೆಗೆದು, ಒತ್ತುತ್ತಲೇ ಮಣಿಕಟ್ಟನ್ನು ಚೂರು ತಿರುಗಿಸಿದರು. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. "ಒತ್ತಬ್ಯಾಡ್ರಿ, ತಿರುವ್ರಿ," ಅಂದರು. ಅವರ ರಂಪಿಗೆಯ (ಚರ್ಮ ಸೀಳುವ ಕತ್ತಿಯ) ಅಲಗು ತೇದು ತೇದು ಎರಡು ಬೆರಳಿನಷ್ಟು ಉಳಿದಿತ್ತು, ಆದರೂ ಅಟ್ಟೆಯ ಚರ್ಮವನ್ನು ಕಾಗದದ ಹಾಗೆ ಸೀಳುತ್ತಿತ್ತು.

ಅಂದಿನಿಂದ ನನ್ನ ಮೇಜಿನ ಮೇಲೂ ಒಂದು ಡಬ್ಬಿಯಲ್ಲಿ ಮೇಣ ಇದೆ. ನಾಲ್ಕೈದು ತೂತಿಗೊಮ್ಮೆ ಆರಿಯನ್ನು ಅದಕ್ಕೆ ಚುಚ್ಚಿ ತೆಗೆಯುತ್ತೇನೆ.